ಕಾಫಿ ಪಾತ್ರೆಯೂ ಗೂಡಿನ ಬಾಣಲೆಯೂ

ರಾಮನಗರದ ಐಜೂರಿನಲ್ಲಿ ಗವಿಸಿದ್ದಯ್ಯನವರ ಎಸ್‌ಟಿಡಿ ಅಂಗಡಿಯ ಮುಂದೆ ಒಂದು ಕಪ್ಪು ಹಲಗೆ ಇತ್ತು. ಆ ದಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಯಾವ ದರಕ್ಕೆ ಹೋಯಿತೆಂದು ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ದರ ಇಳಿದರೆ ಗೂಡು ಬೆಳೆದವರು ಹಲಗೆಗೆ ಬೈಯುತ್ತಿದ್ದರು, ಏರಿದರೆ ನೂಲು ತೆಗೆಸುವವರು ಬೈಯುತ್ತಿದ್ದರು. ಹಲಗೆ ಯಾರಿಗೂ ಎದುರಾಡುತ್ತಿರಲಿಲ್ಲ.

ಅಂಗಡಿಯ ಒಳಗೆ ಮೂರು ಕಂಪ್ಯೂಟರು ಬಂದು, ಅವನ್ನು ನೋಡಿಕೊಳ್ಳಲು ಭಾನುಪ್ರಿಯ ಬಂದ ಮೇಲೆ, ದರದ ಕೆಳಗೆ ಇನ್ನೊಂದು ಬರಹ ಕಾಣಿಸಿಕೊಳ್ಳತೊಡಗಿತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಇಂಟರ್ನೆಟ್ಟು ಹುಟ್ಟಿದ ಕಾಲದ ಕಥೆಗಳನ್ನು ಹುಡುಕಿ ಓದುತ್ತಿದ್ದಳು. ಪಿಯುಸಿಯಲ್ಲಿ ಕಲಿತ ಇಂಗ್ಲಿಷು ಸಾಲದಿದ್ದಲ್ಲಿ ನಿಘಂಟು ತೆಗೆಯುತ್ತಿದ್ದಳು. ಓದಿದ್ದನ್ನು ತನ್ನೊಳಗೇ ಇಟ್ಟುಕೊಳ್ಳಲು ಅವಳಿಂದ ಆಗುತ್ತಿರಲಿಲ್ಲ. ದಿನಕ್ಕೊಂದು ಸೋಜಿಗವೆಂದು ಹಲಗೆಯ ಮೇಲೆ ಬರೆದುಬಿಡುತ್ತಿದ್ದಳು.

‘ಮೊಟ್ಟಮೊದಲು ಒಂದು ಕಂಪ್ಯೂಟರಿನಿಂದ ದೂರದ ಇನ್ನೊಂದಕ್ಕೆ ಲಾಗಿನ್ ಎಂಬ ಮಾತನ್ನು ಕಳಿಸಲು ಹೊರಟರು. ಎರಡು ಅಕ್ಷರ ಹೋಗುವಷ್ಟರಲ್ಲಿ ಆಚೆಯ ಯಂತ್ರ ಕೆಟ್ಟು ನಿಂತಿತು’ ಎಂದು ಬರೆದ ದಿನ, ಟೆಂಪೋ ಓಡಿಸುವ ಲಕ್ಷ್ಮಯ್ಯ ಅದನ್ನು ಎರಡು ಸಲ ಓದಿ, “ಹಂಗಾದ್ರೆ ಅದು ನನ್ ಟೆಂಪೋ ಜಾತಿದೇ ಬುಡು” ಎಂದು ಹೇಳಿ ಹೋದ. ಮೊದಲ ಇಮೇಲ್ ಕಳಿಸಿದವನಿಗೆ ತಾನು ಅದರಲ್ಲಿ ಏನು ಬರೆದೆನೆಂಬುದೇ ಮರೆತುಹೋಗಿತ್ತು ಎಂಬುದನ್ನು ಭಾನು ಮನೆಯಲ್ಲಿ ಅಮ್ಮನಿಗೆ ಹೇಳಿದಳು.

“ಬರ್ದೋನ್ಗೇ ನೆಪ್ಪಿಲ್ವಾ?” ಎಂದಳು ಮುನಿಯಮ್ಮ. “ನಿಮ್ಮಪ್ಪನೂ ಹಂಗೆಯ. ಅಂಗಡೀಗ್ ಹೋಗಿ, ಏನ್ ತರಕ್ ಬಂದೆ ಅಂತ ಅಂಗಡಿಯೋನ್ನೇ ಕೇಳೋನು.”

ತಾಯಿ ಮಗಳು ಇಬ್ಬರೂ ನಕ್ಕರು. ಆ ಮನೆಯಲ್ಲಿ ಆಗ ಇನ್ನೂ ನಗು ಇತ್ತು.

ಮುನಿಯಮ್ಮ ಮಾಗಡಿ ಕಡೆಯ ಗುಡೇಮಾರನಹಳ್ಳಿಯವಳು. ಗಂಡ ಬೋರಲಿಂಗಯ್ಯ ರೈಲ್ವೆ ಗೇಟಿನಾಚೆಯ ಅಶ್ವಥ್ ಅವರ ರೇಷ್ಮೆ ಶೆಡ್ಡಿನಲ್ಲಿ ಬಾಯ್ಲರಿಗೆ ಸೌದೆ ಹಾಕುತ್ತಿದ್ದ. ಶೆಡ್ಡಿನಲ್ಲಿ ಕಿಟಕಿಯ ಪಕ್ಕಕ್ಕಿದ್ದ, ನೂಲು ತೆಗೆಯುವ ಬೇಸಿನ್ನನ್ನು ಹೆಂಡತಿಗೆ ಕೊಡಿರೆಂದು ಕೇಳಿ ಕೊಡಿಸಿದವನು ಅವನೇ. ಬೆಂದ ಹುಳದ ವಾಸನೆ ಹೋಗಿ ಒಂದಿಷ್ಟು ಗಾಳಿ ಬರುವ ಜಾಗ ಅದೊಂದೇ ಆಗಿತ್ತು. ಹೊಗೆ ಕುಡಿದು ಕುಡಿದು ಬೋರಲಿಂಗಯ್ಯ ಹೋದ ಮೇಲೂ ಆ ಬೇಸಿನ್ನು ಮುನಿಯಮ್ಮನದೇ ಆಗಿ ಉಳಿಯಿತು. ಶೆಡ್ಡಿನಲ್ಲಿ ಅದನ್ನು ಎಲ್ಲರೂ ‘ಮುನಿಯಮ್ಮನ ಬೇಸಿನ್ನು’ ಎಂದೇ ಕರೆಯುತ್ತಿದ್ದರು. ಅವಳ ಹೆಸರಿನಲ್ಲಿ ಬೇರೆ ಏನೂ ಇರಲಿಲ್ಲ.

ಆ ಕೆಲಸ ಕಣ್ಣಿನದು. ಬಾಣಲೆಯಲ್ಲಿ ಬೆಂದ ಗೂಡುಗಳನ್ನು ಬೇಸಿನ್ನಿನ ಬಿಸಿನೀರಿಗೆ ಬಿಟ್ಟು, ಪ್ರತಿ ಗೂಡಿನ ಎಳೆಯ ತುದಿ ಹಿಡಿದು, ಏಳೆಂಟು ಎಳೆಗಳನ್ನು ಕೂಡಿಸಿ ಮೇಲೆ ತಿರುಗುವ ರಾಟೆಗೆ ಕೊಡಬೇಕು. ಒಂದು ಗೂಡು ಬರಿದಾದ ಗಳಿಗೆಯಲ್ಲೇ ಇನ್ನೊಂದರ ಎಳೆಯನ್ನು ಅದಕ್ಕೆ ತಾಗಿಸಬೇಕು. ತಡವಾದರೆ ನೂಲು ತೆಳ್ಳಗಾಗಿ ತುಂಡಾಗುತ್ತದೆ. ನೀರಿನಲ್ಲಿ ಆ ಎಳೆ, ಕನಸಿನಲ್ಲಿ ಕಂಡ ಮುಖದ ಹಾಗೆ, ಇದ್ದೂ ಇಲ್ಲದಂತೆ ಇರುತ್ತದೆ.

ಆ ಎಳೆ ಮುನಿಯಮ್ಮನಿಗೆ ಕಾಣದಾಗಿ ವರ್ಷ ದಾಟಿತ್ತು.

ಇದು ತಿಳಿದಿದ್ದುದು ಪಕ್ಕದ ಬೇಸಿನ್ನಿನ ಬದ್ರುನ್ನೀಸಾಗೆ ಮಾತ್ರ. ಅವಳೇ ಮುನಿಯಮ್ಮನನ್ನು ಕಣ್ಣಿನ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದಳು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ನರ ಸೋತಿರುವುದು, ಹೋದದ್ದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಇಬ್ಬರೂ ತಮ್ಮೊಳಗೇ ಒಂದು ಏರ್ಪಾಡು ಮಾಡಿಕೊಂಡರು. ಬದ್ರುನ್ನೀಸಾಗೆ ಎದೆಹಾಲು ಕುಡಿಯುವ ಮಗುವಿತ್ತು. ಅದರ ಜೋಲಿಯನ್ನು ಎರಡು ಬೇಸಿನ್ನುಗಳ ಹಿಂದಿನ ಕಂಬಕ್ಕೆ ಕಟ್ಟಿದ್ದಳು. ಮಗು ಅತ್ತಾಗ ಮುನಿಯಮ್ಮ ಎದ್ದು ತೂಗುವಳು. ಮುನಿಯಮ್ಮನ ಎಳೆ ತುಂಡಾದಾಗ ಬದ್ರುನ್ನೀಸಾ ಪಕ್ಕಕ್ಕೆ ಬಾಗಿ ಹಿಡಿದು ಕೊಡುವಳು.

“ಮುನಿಯಮ್ಮಕ್ಕಾ, ಕೈ ತೆಗೀರಿ, ನಾನ್ ಹಿಡೀತೀನಿ. ಆ ನವಾಬನ್ನ ಒಸಿ ತೂಗಿ, ಇಲ್ದಿದ್ರೆ ಶೆಡ್ಡೇ ಬೀಳೋ ಹಂಗ್ ಕಿರುಚ್ತಾನೆ.”

“ನವಾಬ ಅಲ್ಲ ಕಣೇ, ಅಮಲ್ದಾರ. ಹುಟ್ಟಿ ಆರ್ ತಿಂಗ್ಳಿಗೇ ಏನ್ ದರ್ಬಾರು!”

ಮಗಳಿಗೆ ಮುನಿಯಮ್ಮ ಹೇಳಿರಲಿಲ್ಲ. ಹೇಳಿದರೆ ನಾಳೆಯಿಂದಲೇ ಕೆಲಸ ಬಿಡು ಅನ್ನುತ್ತಾಳೆ. ಬಿಟ್ಟರೆ ಅಂಗಡಿಯಲ್ಲಿ ಮಗಳಿಗೆ ಬರುವಷ್ಟರಲ್ಲಿ ಮನೆ ನಡೆಯಬೇಕು. ಅದಕ್ಕಿಂತ ಹೆಚ್ಚಾಗಿ, ಕಿಟಕಿಯ ಪಕ್ಕದ ಆ ಜಾಗ ಬಿಟ್ಟರೆ ತಾನು ಎಲ್ಲಿ ನಿಲ್ಲಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಬೇಕಾದಾಗ, “ನೀನೇ ಪೋಣ್ಸು ಮಗ, ನನ್ ಬೆಳ್ಳು ಊದವೆ” ಎಂದು ಕೈ ಚಾಚುತ್ತಿದ್ದಳು. ಬೆರಳು ಊದಿದ್ದು ನಿಜವೇ ಆಗಿತ್ತು. ಬಿಸಿನೀರಿನಲ್ಲಿ ಬೆಂದು ಬಿಳಿಚಿದ ಆ ಬೆರಳುಗಳನ್ನು ನೋಡಿದ ಭಾನು ಕಣ್ಣುಗಳ ಕಡೆ ನೋಡಲಿಲ್ಲ.

ಎರಡು ಸಾವಿರದ ನಾಲ್ಕರ ಮಾಘದಲ್ಲಿ ಅವಳು ಹಲಗೆಯ ಮೇಲೆ ಕಾಫಿ ಪಾತ್ರೆಯ ಕಥೆ ಬರೆದಳು.

‘ಇಂಗ್ಲೆಂಡಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಂಡಿತರಿಗೆಲ್ಲ ಒಂದೇ ಕಾಫಿ ಪಾತ್ರೆ. ಮೆಟ್ಟಿಲು ಹತ್ತಿಳಿದು ಬಂದರೆ ಪಾತ್ರೆ ಖಾಲಿ. ಬೇಸತ್ತು ಪಾತ್ರೆಯ ಎದುರಿಗೆ ಒಂದು ಕ್ಯಾಮೆರಾ ಇಟ್ಟರು. ಕೂತಲ್ಲೇ ಕಾಫಿ ಇದೆಯೋ ಇಲ್ಲವೋ ನೋಡಿಕೊಂಡರು. ಮುಂದೆ ಅದು ಇಂಟರ್ನೆಟ್ಟಿಗೆ ಬಂದು, ಲೋಕದ ಜನರೆಲ್ಲ ಆ ಪಾತ್ರೆಯನ್ನು ನೋಡಿದರು. ಇಂಟರ್ನೆಟ್ಟಿನ ಮೊದಲ ಕ್ಯಾಮೆರಾ ಇದೇ.’

ಗೂಡಿನ ದರ ನೋಡಲು ಬಂದಿದ್ದ ಅಶ್ವಥ್ ಅದನ್ನು ಓದಿದರು. ಅವರದು ದೊಡ್ಡಆಲಹಳ್ಳಿ, ಮನೆ ಕನಕಪುರದಲ್ಲಿ. ಅಲ್ಲಿಂದ ದಿನಾ ಬೆಳಿಗ್ಗೆ ರಾಮನಗರದ ಶೆಡ್ಡಿಗೆ ಬರುತ್ತಿದ್ದರು. ಗಟ್ಟಿಯಾಗಿ ನಗುತ್ತ ಒಳಗೆ ಬಂದರು.

“ಏನಮ್ಮಾ ಭಾನು, ಇದು ನಿಜವೋ, ನೀನೇ ಹೊಸೆದಿದ್ದೋ?”

“ನಿಜ ಸಾರ್. ಬನ್ನಿ, ಚಿತ್ರಾನೇ ತೋರಿಸ್ತೀನಿ.”

ಪರದೆಯ ಮೇಲೆ ಮಂಕಾದ ಬೂದುಬಣ್ಣದ ಪಾತ್ರೆಯೊಂದು ಮೆಲ್ಲಗೆ ಮೇಲಿನಿಂದ ಕೆಳಕ್ಕೆ ಮೂಡಿತು. ಅಶ್ವಥ್ ಕುರ್ಚಿ ಎಳೆದು ಕೂತರು.

“ನಂದೂ ಇದೇ ಗೋಳು ಕಣಮ್ಮಾ. ಕನಕಪುರದಿಂದ ಬಡ್ಕೊಂಡ್ ಬತ್ತೀನಿ, ಬಾಣಲೇಲಿ ನೀರೇ ಕಾದಿರಲ್ಲ. ಬಾಯ್ಲರ್ ಹಚ್ಚಿದೀನಿ ಅಂತ ಫೋನಲ್ಲಿ ಸುಳ್ಳು ಹೇಳ್ತಾರೆ. ನೀರು ಕಾದೈತೋ ಇಲ್ವೋ, ಅಷ್ಟು ಕಂಡ್ರೆ ಸಾಕು ನಂಗೆ. ಆಯ್ತದಾ?”

“ಯಾಕಾಗಲ್ಲ ಸಾರ್?” ಎಂದಳು ಭಾನು. ತಾನು ಬರೆದ ಸೀಮೆಸುಣ್ಣದ ಅಕ್ಷರ ಹಲಗೆಯಿಂದ ಇಳಿದು ಲೋಕದಲ್ಲಿ ಒಂದು ಕೆಲಸವಾಗಿ ನಿಲ್ಲುವುದು ಅವಳಿಗೆ ಅದೇ ಮೊದಲಾಗಿತ್ತು.

“ನೋಡ್ರಪ್ಪಾ, ನಮ್ ಹುಡ್ಗಿ!” ಎಂದರು ಗವಿಸಿದ್ದಯ್ಯ, ಕಲ್ಲಾಪೆಟ್ಟಿಗೆಯ ಹಿಂದಿನಿಂದ.

ಬೆಂಗಳೂರಿನಿಂದ ನಿಂಬೆಹಣ್ಣಿನ ಗಾತ್ರದ ಕ್ಯಾಮೆರಾ ಬಂತು. ಶೆಡ್ಡಿನ ಮೂಲೆಯಲ್ಲಿ ಹಲಗೆ ಹೊಡೆದು ಮಾಡಿದ ಆಫೀಸಿನಲ್ಲಿ ಹಳೆಯದೊಂದು ಕಂಪ್ಯೂಟರು ಕೂತಿತು. ಶೆಡ್ಡಿನ ಫೋನಿನ ತಂತಿಯನ್ನೇ ಅದಕ್ಕೆ ಜೋಡಿಸಿದಳು. ಕ್ಯಾಮೆರಾ ನಿಮಿಷಕ್ಕೆ ಎರಡೋ ಮೂರೋ ಚಿತ್ರ ತೆಗೆಯುತ್ತಿತ್ತು. ಅವು ಇಂಟರ್ನೆಟ್ಟಿನ ಒಂದು ಪುಟದಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತಿದ್ದವು. ಕನಕಪುರದ ಮನೆಯಿಂದ ಅಶ್ವಥ್ ಅದನ್ನು ನೋಡಬಹುದಿತ್ತು. ಐಜೂರಿನ ಅಂಗಡಿಯಿಂದ ಭಾನುವೂ ನೋಡಬಹುದಿತ್ತು. ಲೋಕದ ಮೊದಲ ವೆಬ್‌ಸೈಟಿದ್ದ ಕಂಪ್ಯೂಟರಿನ ಮೇಲೆ ‘ಇದನ್ನು ಆರಿಸಬೇಡಿ’ ಎಂದು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ್ದರಂತೆ. ಅದನ್ನು ನೆನೆದು ಅವಳೂ ಒಂದು ಚೀಟಿಯಲ್ಲಿ ಹಾಗೆಯೇ ಬರೆದು ಅಂಟಿಸಿ, ತನ್ನ ತಮಾಷೆಗೆ ತಾನೇ ನಕ್ಕಳು.

ಮುನಿಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನಿಂತಳು. “ನಮ್ ಭಾನು ಹಾಕ್ತಿರೋ ಮಿಷನ್ನು” ಎಂದು ಸಾಲಿನಲ್ಲಿದ್ದ ಹೆಂಗಸರಿಗೆಲ್ಲ ಹೇಳಿದಳು. “ಕನಕಪುರದಲ್ ಕೂತ್ಕಂಡೇ ಬಾಣಲೆ ನೋಡ್ಬೋದಂತೆ!”

“ಬಾಣ್ಲೇನ ತಾನೆ?” ಎಂದಳು ಬದ್ರುನ್ನೀಸಾ.

“ಬಾಣ್ಲೇನೇ ಕಣೇ. ನಿನ್ ಮೋರೆ ನೋಡಿ ಏನ್ ಮಾಡಾರು?”

ಸಾಲಿಗೆ ಸಾಲೇ ನಕ್ಕಿತು.

ಕ್ಯಾಮೆರಾವನ್ನು ಭಾನು ಮೊದಲು ಬಾಣಲೆಯ ಎದುರಿಗೇ, ಗೂಟ ಹೊಡೆದು ಕೂರಿಸಿದ್ದಳು. ಮೊದಲ ದಿನ ಚೆನ್ನಾಗಿ ಕಂಡಿತು. ಆಮೇಲೆ ಬರೀ ಬಿಳುಪು. ಬಾಣಲೆಯ ಹಬೆ ಗಾಜಿನ ಮೇಲೆ ಕೂತು ಹನಿಗಟ್ಟುತ್ತಿತ್ತು. ಇಂಗ್ಲೆಂಡಿನ ಪಂಡಿತರಿಗೆ ಈ ಪಾಡು ಇರಲಿಲ್ಲ. ಅವರ ಪಾತ್ರೆ ಇಷ್ಟು ಕುದಿಯುತ್ತಿರಲಿಲ್ಲ.

“ಮೋಡ ನೋಡಕ್ಕೆ ಇಷ್ಟೆಲ್ಲಾ ಮಾಡ್ಬೇಕಿತ್ತಾ?” ಎಂದು ಅಶ್ವಥ್ ಫೋನಿನಲ್ಲಿ ನಕ್ಕರು.

ಆ ನಗು ಭಾನುವಿಗೆ ಚುಚ್ಚಿತು. ಮರುದಿನ ಏಣಿ ತರಿಸಿ, ಕ್ಯಾಮೆರಾವನ್ನು ಬಿಚ್ಚಿ, ಬಾಗಿಲ ಕಡೆಯ ತೊಲೆಯ ಮೇಲಕ್ಕೆ ಏರಿಸಿದಳು. ಅಷ್ಟು ದೂರಕ್ಕೆ ಹಬೆ ಬರಲಿಲ್ಲ. ಚಿತ್ರ ತಿಳಿಯಾಯಿತು. ಮೂಲೆಯಲ್ಲಿ ಬಾಣಲೆ ಕಾಣಿಸಿತು. ಬಾಣಲೆಯ ಮುಂದಿನ ಬೇಸಿನ್ನುಗಳ ಸಾಲೂ, ಕಿಟಕಿಯ ಬೆಳಕೂ, ಕಂಬವೂ, ಜೋಲಿಯೂ ಕಾಣಿಸಿದವು. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಅದು ಅವಳದೇ ಜಾಣತನ.

ಕೆಲವು ದಿನ ಅವಳು ಸುಖವಾಗಿದ್ದಳು. ಅಂಗಡಿಯಲ್ಲಿ ಕೂತು ಆ ಪುಟ ತೆರೆದರೆ, ಬಾಲ್ಯದಿಂದ ವಾಸನೆಯಲ್ಲಷ್ಟೇ ಬಲ್ಲ ಶೆಡ್ಡು ಚಿತ್ರವಾಗಿ ಎದುರಿಗಿರುತ್ತಿತ್ತು. ಒಂದು ಬೆಳಿಗ್ಗೆ ಮುನಿಯಮ್ಮ ಕೆಲಸದ ನಡುವೆ ತಲೆಯೆತ್ತಿ, ತೊಲೆಯ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು ನಕ್ಕಿದ್ದಳು. ಆ ಚಿತ್ರ ಹೋಗಿ ಮುಂದಿನದು ಬರುವವರೆಗೂ ಭಾನು ಗಿರಾಕಿಯನ್ನು ಮಾತಾಡಿಸಲಿಲ್ಲ. ಅಮ್ಮ ನಕ್ಕಿದ್ದು ಕ್ಯಾಮೆರಾದ ಕಡೆಗಲ್ಲ, ಅದರಿಂದ ಒಂದು ಮೊಳ ಆಚೆಗೆ ಎಂಬುದನ್ನು ಅವಳು ಗಮನಿಸಿದಳು. ಏಕೆಂದು ಯೋಚಿಸಲಿಲ್ಲ.

ಒಂದು ಮಧ್ಯಾಹ್ನ ದರ ನೋಡಲು ಬಂದ ಅಶ್ವಥ್ ಹಲಗೆಯ ಮುಂದೆ ನಿಲ್ಲದೆ ನೇರವಾಗಿ ಒಳಗೆ ಬಂದರು.

“ಒಸಿ ಆ ಪುಟ ತೆಗಿಯಮ್ಮಾ.”

ತೆಗೆದಳು. ಅವರು ಪರದೆಯ ಮೇಲೆ ಬೆರಳಿಟ್ಟರು. “ಇಲ್ ನೋಡು. ನಿಮ್ಮವ್ವನ ಬೇಸಿನ್ನು. ಅದರಲ್ಲಿ ಯಾರ ಕೈ ಐತೆ?”

ಚಿತ್ರದಲ್ಲಿ ಬದ್ರುನ್ನೀಸಾ ಪಕ್ಕಕ್ಕೆ ಬಾಗಿದ್ದಳು. ಮುನಿಯಮ್ಮ ಕಂಬದ ಬಳಿ ಜೋಲಿ ಹಿಡಿದು ನಿಂತಿದ್ದಳು.

“ಈಗ್ ಮಾತ್ರ ಅಲ್ಲ. ಮನೇಲಿ ಯಾವಾಗ್ ನೋಡುದ್ರೂ ಹಿಂಗೇ. ನೀರು ಕಾದೈತಾ ಅಂತ ನೋಡಕ್ ಕೂತ್ರೆ ಕಣ್ಣು ಅಲ್ಲಿಗೇ ಹೋಯ್ತದೆ. ನಿಮ್ಮವ್ವ ನೂಲು ತೆಗ್ಯದನ್ನ ನಾನು ಒಂದ್ ಚಿತ್ರದಲ್ಲೂ ಕಾಣ್ಲಿಲ್ಲ.”

ಆಗ ಭಾನುವಿನ ಮನಸ್ಸಿನಲ್ಲಿ ಎಲ್ಲವೂ ಒಟ್ಟಿಗೆ ಬಂದು ನಿಂತಿತು. ಸೂಜಿ, ದಾರ, ಚಾಚಿದ ಕೈ, ಒಂದು ಮೊಳ ಆಚೆಗೆ ಹೋದ ಆ ನಗು. ಇಷ್ಟು ದಿನ ಹಲಗೆಯ ಮೇಲೆ ಒಂದೂ ಸುಳ್ಳು ಬರೆದವಳಲ್ಲ.

“ಲೈನ್ ನಿಧಾನ ಸಾರ್. ಹಿಂದಿನ ಚಿತ್ರ, ಮುಂದಿನ ಚಿತ್ರ ಒಂದರೊಳಗೊಂದು ಕೂಡಿಕೊಂಡ್ಬಿಡ್ತವೆ. ಒಬ್ಬರ ಕೈ ಇನ್ನೊಬ್ಬರ ಹತ್ರ ಇರೋ ಹಾಗೆ ಕಾಣುತ್ತೆ. ಆ ಕಾಫಿ ಪಾತ್ರೇಲೂ ಹೀಗೇ ಆಗ್ತಿತ್ತಂತೆ.”

ಅಶ್ವಥ್ ಅವಳ ಮುಖವನ್ನು ನೋಡಿದರು. ಅದು ಗದರುವ ನೋಟವಾಗಿರಲಿಲ್ಲ.

“ಅಂಗಾ? ಅಂಗಾದ್ರೆ ನಾನೇ ಹೋಗಿ ಬರಿಗಣ್ಣಲ್ಲಿ ನೋಡ್ಬುಡ್ತೀನಿ ಬುಡು” ಎಂದು ಹೊರಗೆ ಹೋಗಿ ಬೈಕು ಹತ್ತಿದರು.

ಭಾನು ಫೋನಿಗೆ ಕೈ ಹಾಕಿದಳು. ಶೆಡ್ಡಿನ ನಂಬರು ಒತ್ತಿದಳು. ಎಂಗೇಜು. ಮತ್ತೆ ಒತ್ತಿದಳು. ಎಂಗೇಜು. ಆಗ ಅವಳಿಗೆ ಹೊಳೆಯಿತು. ಆ ಲೈನಿನಲ್ಲಿ ಇಂಟರ್ನೆಟ್ಟು ಕೂತಿತ್ತು. ಕ್ಯಾಮೆರಾ ನಡೆಯುತ್ತಿರುವಷ್ಟು ಹೊತ್ತು ಆ ಶೆಡ್ಡಿಗೆ ಯಾರ ಮಾತೂ ಮುಟ್ಟುವಂತಿರಲಿಲ್ಲ. ಹಾಗೆ ಜೋಡಿಸಿ, ಆರಿಸಬೇಡಿ ಎಂದು ಚೀಟಿ ಅಂಟಿಸಿ ಬಂದವಳು ಅವಳೇ.

“ಓಡಿ ಹೋಗ್ಲಾ ಅಯ್ನೋರೇ?” ಎಂದಳು.

“ಬೈಕಿಗಿಂತ ಮುಂಚೆ ಹೋಯ್ತೀಯೇನಮ್ಮಾ?” ಎಂದರು ಗವಿಸಿದ್ದಯ್ಯ. ಅವರೂ ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತರು.

ಒಂದು ಚಿತ್ರದಲ್ಲಿ ಎಲ್ಲವೂ ಹಾಗೆಯೇ ಇತ್ತು. ಬಾಗಿದ ಬದ್ರುನ್ನೀಸಾ, ಜೋಲಿ ಹಿಡಿದ ಮುನಿಯಮ್ಮ. ಇನ್ನೊಂದರಲ್ಲೂ ಅದೇ. ಆಮೇಲಿನದರಲ್ಲಿ ಚಿತ್ರದ ಅಂಚಿಗೆ ಬಿಳಿ ಷರ್ಟಿನ ಒಂದು ತೋಳು. ಆಮೇಲೆ ಬದ್ರುನ್ನೀಸಾ ತನ್ನ ಬೇಸಿನ್ನಿನ ಮುಂದೆ ನೆಟ್ಟಗೆ ನಿಂತಿದ್ದಳು, ಮುನಿಯಮ್ಮ ತನ್ನದರ ಮುಂದೆ. ಬಿಳಿ ಷರ್ಟು ಅವಳ ಬೆನ್ನ ಹಿಂದಿತ್ತು. ಆಮೇಲೆ ಮುನಿಯಮ್ಮನ ಎರಡೂ ಕೈ ನೀರಿನಲ್ಲಿ. ಇನ್ನೊಂದು ಚಿತ್ರ ಬಂತು, ಎರಡೂ ಕೈ ನೀರಿನಲ್ಲಿ. ಮತ್ತೊಂದು ಬಂತು. ಈಗ ಅವಳು ಬೇಸಿನ್ನಿನ ಮೇಲೆ ಎಷ್ಟು ಬಾಗಿದ್ದಳೆಂದರೆ ಹಬೆಯಲ್ಲಿ ಮುಖವೇ ಇರಲಿಲ್ಲ. ಸಾಲಿನ ಹೆಂಗಸರೆಲ್ಲ ತಿರುಗಿ ನೋಡುತ್ತಿದ್ದರು. ಜೋಲಿ ಓರೆಯಾಗಿತ್ತು. ಮಗು ಅಳುತ್ತಿದ್ದಿರಬೇಕು, ಚಿತ್ರಕ್ಕೆ ದನಿಯಿರಲಿಲ್ಲ.

ಆಮೇಲೆ ಬಂದದ್ದರಲ್ಲಿ ಮುನಿಯಮ್ಮನ ಬೇಸಿನ್ನಿನ ಮುಂದೆ ಯಾರೂ ಇರಲಿಲ್ಲ.

ಗವಿಸಿದ್ದಯ್ಯ ಭಾನುವಿನ ತಲೆಯ ಮೇಲೆ ಕೈಯಿಟ್ಟು, ತೆಗೆದರು.

ಅಶ್ವಥ್ ಕೂಗಾಡಲಿಲ್ಲವೆಂದು ಆಮೇಲೆ ತಿಳಿಯಿತು. “ನಿನ್ ಮೇಲೆ ನಂಗೆ ಕ್ವಾಪ ಇಲ್ಲ ಮುನಿಯಮ್ಮ” ಎಂದಿದ್ದರಂತೆ. “ಕಣ್ ಕಾಣ್ದೋರ್ ಕೈಲಿ ತೆಗ್ಸಿದ ನೂಲ್ನ ಯಾರ್ ಕೊಂಡಾರು, ನೀನೇ ಹೇಳು. ಮನೇಲಿರು. ನಿನ್ ಮಗ್ಳು ಬುದ್ಧಿವಂತೆ, ಸಾಕ್ತಾಳೆ.” ಅವರ ಮಾತಿನಲ್ಲಿ ತಪ್ಪು ಹುಡುಕಲು ಭಾನು ಎಷ್ಟೋ ದಿನ ಪ್ರಯತ್ನಿಸಿದಳು. ಸಿಗಲಿಲ್ಲ. ಸಿಕ್ಕಿದ್ದರೆ ಅವರನ್ನಾದರೂ ದ್ವೇಷಿಸಬಹುದಿತ್ತು.

ಕಿಟಕಿಯ ಪಕ್ಕದ ಬೇಸಿನ್ನಿಗೆ ತಿಪ್ಪಸಂದ್ರದ ಕಡೆಯ ಹೊಸ ಹೆಂಗಸು ಬಂದಳು. ಅವಳಿಗೆ ಕಣ್ಣು ಚೆನ್ನಾಗಿತ್ತು, ಜೋಲಿ ತೂಗುವ ಅಗತ್ಯವಿರಲಿಲ್ಲ. ತೊಲೆಯ ಮೇಲಿನ ಕ್ಯಾಮೆರಾದ ಎದುರಿಗೆ ಎದ್ದು ಹೋಗಿ ಹಾಲು ಕುಡಿಸಲು ಬದ್ರುನ್ನೀಸಾಗೂ ಧೈರ್ಯ ಬರಲಿಲ್ಲ. ಜೋಲಿ ಬಿಚ್ಚಿದಳು. ಬೆಳಿಗ್ಗೆ ಮಗುವನ್ನು ತಂದು ಮುನಿಯಮ್ಮನ ಮಡಿಲಿಗೆ ಹಾಕಿ ಹೋಗುವಳು. ಹಗಲೆಲ್ಲ ಬಾಟಲಿ ಹಾಲು. ಸಂಜೆ ಬಂದು ಎದೆಗೆ ಹಿಡಿದರೆ ಮಗು ಒಂದೆರಡು ಸಲ ಚೀಪಿ ಮುಖ ತಿರುಗಿಸುತ್ತಿತ್ತು.

“ಮರ್ತೇ ಹೋದ ಅಕ್ಕಾ ನನ್ನ” ಎನ್ನುತ್ತಿದ್ದಳು ಬದ್ರುನ್ನೀಸಾ. ಅವಳು ಭಾನುವನ್ನು ಒಂದು ಮಾತೂ ಅನ್ನಲಿಲ್ಲ. ಭಾನುವಿನ ಕಡೆ ನೋಡುವುದನ್ನು ಮಾತ್ರ ಬಿಟ್ಟಳು.

ಬೇರೆ ಶೆಡ್ಡುಗಳ ಮಾಲೀಕರು ಒಬ್ಬೊಬ್ಬರಾಗಿ ಅಂಗಡಿಗೆ ಬಂದರು. ನಮಗೂ ಅಂಥದ್ದೊಂದು ಹಾಕಿಕೊಡಮ್ಮ ಎಂದರು. ಭಾನು ಬರುವುದಿಲ್ಲ ಎಂದಳು. ಬೆಂಗಳೂರಿನಿಂದ ಯಾರೋ ಬಂದು ಹಾಕಿ ಹೋದರು. ಮೊದಲೇ ತೊಲೆಯ ಮೇಲೆಯೇ ಹಾಕಿದರು. ಹಬೆ ಗಾಜಿಗೆ ಬಡಿಯುತ್ತದೆಂಬುದು ಆ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಬಾಣಲೆ ಕಾದಿದೆಯೇ ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಹಲಗೆಯ ಮೇಲೆ ಗೂಡಿನ ದರ ಮಾತ್ರ ಉಳಿಯಿತು. “ಏನಮ್ಮಾ, ಸೋಜಿಗ ಮುಗುದ್ವಾ?” ಎಂದು ಲಕ್ಷ್ಮಯ್ಯ ಒಂದು ದಿನ ಕೇಳಿದ. “ಮುಗಿದ್ವು ಲಕ್ಷ್ಮಯ್ಯಣ್ಣ” ಎಂದಳು.

ಮನೆಯಲ್ಲಿ ತಾಯಿ ಮಗಳು ಅದರ ಮಾತೆತ್ತಲಿಲ್ಲ. ಮುನಿಯಮ್ಮ ಬೈದಿದ್ದರೆ, ಅತ್ತಿದ್ದರೆ ಹಗುರವಾಗುತ್ತಿತ್ತೇನೋ. ಅವಳು ಸುಮ್ಮನೆ ಗೋಡೆಗೆ ಒರಗಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದಳು. ಬಿಸಿನೀರು ಬಿಟ್ಟ ಬೆರಳುಗಳು ಒಣಗಿ, ಮೊದಲ ಸಲ ಅವಳ ವಯಸ್ಸಿನ ಹೆಂಗಸಿನ ಬೆರಳುಗಳ ಹಾಗೆ ಕಾಣತೊಡಗಿದವು.

ಒಂದು ಭಾನುವಾರ ಅವಳೇ ಕೇಳಿದಳು. “ಆ ಕಾಫಿ ಪಾತ್ರೆ ಏನಾಯ್ತು ಕೊನೇಗೆ?”

ಭಾನು ಸೌಟು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. “ಯಾಕವ್ವ ಈಗ?”

“ಹೇಳೇ. ಕತೆ ಅರ್ಧಕ್ ನಿಲ್ಸ್ಬಾರ್ದು.”

“ಅವ್ರು ಬೇರೆ ಕಟ್ಟಡಕ್ಕೆ ಹೋಗೋವಾಗ ಕ್ಯಾಮೆರಾ ಆರಿಸಿಬಿಟ್ರು. ಪಾತ್ರೆ ಹರಾಜು ಹಾಕಿದ್ರು. ಲಕ್ಷಗಟ್ಟಲೆ ಕೊಟ್ಟು ಕೊಂಡ್ಕೊಂಡ್ರು.”

“ಒಳ್ಳೆ ಪಾತ್ರೇನಾ?”

“ಇಲ್ಲ. ಕೆಟ್ಟು ಹೋಗಿತ್ತು. ಮಾಡಿದ ಕಂಪನಿಯೋರೇ ರಿಪೇರಿ ಮಾಡ್ಕೊಟ್ರಂತೆ. ಈಗ ಜೋಪಾನವಾಗಿ ಇಟ್ಟಿದಾರೆ.”

ಮುನಿಯಮ್ಮ ನಕ್ಕಳು. ಹಳೆಯ ನಗುವಿನ ಹಾಗೆಯೇ ಇತ್ತು, ಸ್ವಲ್ಪ ಬೇಗ ಮುಗಿಯಿತು.

“ಕೆಟ್ಟೋದ್ ಮ್ಯಾಲೆ ರಿಪೇರಿ ಮಾಡ್ಸಿ ಮಡಿಕ್ಕಂಡ್ರಾ? ಒಳ್ಳೆ ಜನ ಬುಡು.”

ಆಮೇಲೆ ಮಗುವಿನ ಹೊದಿಕೆಯ ಮೇಲೆ ಕೈಯಾಡಿಸುತ್ತ ಕೂತಳು. ಬೆರಳುಗಳು ನೀರಿಲ್ಲದ ಬಟ್ಟೆಯ ಮೇಲೆ, ಹಳೆಯ ಅಭ್ಯಾಸದಲ್ಲಿ, ಏನನ್ನೋ ಮುಟ್ಟಿ ಎತ್ತಿ, ಬಿಟ್ಟು, ಮತ್ತೆ ಮುಟ್ಟುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಹೆಬ್ಬೆರಳು ತೋರುಬೆರಳನ್ನು ಜೋಡಿಸಿ ಬೆಳಕಿನ ಕಡೆ ಹಿಡಿದಳು.

“ಭಾನು, ಇಲ್ ನೋಡೇ. ಎಳೆ ಸಿಕ್ತಾ?”

ಬೆರಳುಗಳ ನಡುವೆ ಏನೂ ಇರಲಿಲ್ಲ.

ಭಾನು ಹತ್ತಿರ ಬಂದು, ಮಂಡಿಯೂರಿ, ಆ ಬೆರಳುಗಳ ನಡುವಿನಿಂದ ಅದನ್ನು ಜೋಪಾನವಾಗಿ ಈಸಿಕೊಂಡಳು.

“ಸಿಕ್ತು ಕಣವ್ವ” ಎಂದಳು.